ಖಾನಾಪುರ ನೆಗಡಿ

ಐವತ್ತು ದಾಟಿದ ಮೇಲೂ ಸಂಜೆಯಾದರೆ ಇಲೆಕ್ಟ್ರಿಕ್ ಗಿಟಾರ್ ಹಿಡಿದು ಕೂರುವ ಗಂಡಸು ಖಾನಾಪುರದಲ್ಲಿ ಒಬ್ಬನೇ ಇದ್ದ. ಅವನು ಕಟ್ಟಿಗೆ ಗಿರಣಿಯ ಗುರುಪುತ್ರಪ್ಪ. ಅವನ ಗಿಟಾರಿನ ಬಗ್ಗೆ ನೆರೆಹೊರೆಯವರು ಎಂದೂ ತಕರಾರು ಎತ್ತಿದವರಲ್ಲ. ಹಗಲೆಲ್ಲ ಗರಗಸದ ಕಿರುಚಾಟ ಕೇಳಿ ಕಿವಿ ಸತ್ತಿದ್ದ ಅವರಲ್ಲಿ ಕೆಲವರಿಗೆ, ಗರಗಸ ನಿಂತು ಗಿಟಾರ್ ಶುರುವಾದದ್ದು ಗೊತ್ತೇ ಆಗುತ್ತಿರಲಿಲ್ಲ.

ಗಿಟಾರಿಗಿಂತ ಅವನಿಗೆ ಹೆಚ್ಚು ಪ್ರೀತಿಯಿದ್ದದ್ದು ಅದಕ್ಕೆ ದನಿ ಕೊಡುವ ಯಂತ್ರದ ಮೇಲೆ. ಊರಿನ ಹಳೆಯ ಟಾಕೀಸು ಮುಚ್ಚಿ ಸಿಮೆಂಟಿನ ಗೋದಾಮಾದಾಗ ಪರದೆಯ ಹಿಂದೆ ಧೂಳು ತಿನ್ನುತ್ತಿದ್ದ ವಾಲ್ವ್ ಆಂಪ್ಲಿಫಾಯರ್ ಅದು. ಗುರುಪುತ್ರಪ್ಪ ಅದನ್ನೂ ಅದರ ಸ್ಪೀಕರನ್ನೂ ಎತ್ತಿಕೊಂಡು ಬಂದು, ತನ್ನ ಗಿರಣಿಯದೇ ಸಾಗವಾನಿಯಲ್ಲಿ ಪೆಟ್ಟಿಗೆ ಮಾಡಿಸಿ ಕೂರಿಸಿದ್ದ. ಗುಂಡಿ ಒತ್ತಿದ ಕೂಡಲೇ ಮಾತಾಡುವ ಜಾತಿಯಲ್ಲ ಅದು. ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪೇರಬೇಕು, ಪೆಟ್ಟಿಗೆ ಒಮ್ಮೆ 'ಹೂಂ' ಅನ್ನಬೇಕು, ಆಮೇಲೆ ದನಿ. ತಂತಿಯನ್ನು ಹಗುರಾಗಿ ಮೀಟಿದರೆ ಬೆಚ್ಚಗೆ, ದುಂಡಗೆ ಬರುತ್ತಿತ್ತು. ಜೋರಾಗಿ ಹೊಡೆದರೆ ಮಾತ್ರ ನೆಗಡಿಯಾದ ಗವಾಯಿಯೊಬ್ಬ ಹಟಕ್ಕೆ ಬಿದ್ದು ಮೇಲಿನ ಸ್ವರ ಹಿಡಿದ ಹಾಗೆ ಒಡೆದು, ಮೂಗಿನಿಂದ ಹೊರಡುತ್ತಿತ್ತು. ಆ ಒಡಕು ಅವನಿಗೆ ಪ್ರಾಣ.

ಬೆಳಗಾವಿಯ ಟಿಳಕವಾಡಿಯಲ್ಲಿ ಮುಗ್ಧಾ ಎಂಬ ಬ್ಯಾಂಕ್ ಅಧಿಕಾರಿಣಿ ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದಳು. ಹಾಡುವವಳೂ ಅವಳೇ, ಬೈಯುವವಳೂ ಅವಳೇ. ಗುರುಪುತ್ರಪ್ಪ ಅಲ್ಲಿ ಮುಖ್ಯ ಗಿಟಾರಿನವನು. ಜೊತೆಗೆ ತಾಳದ ಗಿಟಾರ್ ಬಾರಿಸುತ್ತಿದ್ದವನು ಪರಾಗ, ಅದೇ ಓಣಿಯ ಹಲ್ಲಿನ ಡಾಕ್ಟರ್, ಇನ್ನೂ ಮೂವತ್ತರ ಹರೆಯ. ಪರಾಗನ ಬಳಿ ಆಂಪ್ಲಿಫಾಯರ್ ಇರಲಿಲ್ಲ. ಅವನ ಬಳಿ ಇದ್ದದ್ದು ಊಟದ ಡಬ್ಬಿಯಷ್ಟಿದ್ದ ಮಾಡೆಲರ್: ಜಗತ್ತಿನ ದೊಡ್ಡ ದೊಡ್ಡ ಆಂಪ್ಲಿಫಾಯರುಗಳ ದನಿಯನ್ನೆಲ್ಲ ಲೆಕ್ಕ ಹಾಕಿ ಹಾಗೆಯೇ ಅನುಕರಿಸುವ ಪುಟ್ಟ ಗಣಕಯಂತ್ರ. ಗುರುಪುತ್ರಪ್ಪ ಅದನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಅವನಿಗೆ ಅದು 'ಡಬ್ಬಿ'.

"ಕಾಕಾ, ಇದರಾಗ ಇನ್ನೂರು ಆಂಪ್ ಅದಾವ್ರಿ," ಎಂದು ಪರಾಗ ಒಮ್ಮೆ ಹೊಗಳಿಕೊಂಡಿದ್ದ.

"ಇನ್ನೂರು ಹೆಂಗಸರ ಫೋಟೋ ಕಿಸೇದಾಗ ಇಟ್ಕೊಂಡ್ರ ಸಂಸಾರ ಆಕ್ಕೇತೇನೋ ಡಾಕ್ಟರಾ?"

"ಒಬ್ಬಾಕೀನ್ನ ನಾಕು ಮಂದಿ ಹೊತ್ಕೊಂಡು ತಿರಗೂದನ್ನೂ ಸಂಸಾರ ಅನ್ನೂದಿಲ್ರಿ ಕಾಕಾ. ಅದಕ್ಕ ಬ್ಯಾರೆ ಹೆಸರೈತಿ."

ಪೆಟ್ಟಿಗೆಯ ಭಾರ ಅಷ್ಟಿತ್ತು ಎಂಬುದಂತೂ ನಿಜ. ಕಾರ್ಯಕ್ರಮವಿದ್ದಾಗಲೆಲ್ಲ ಅದು ಟೆಂಪೋದಲ್ಲಿ ಖಾನಾಪುರದಿಂದ ಬೆಳಗಾವಿಗೆ ಬಂದು, ಹಿಂದಿನ ದಿನವೇ ಮುಗ್ಧಾಳ ಮನೆಯ ಅಭ್ಯಾಸದ ಕೋಣೆಯಲ್ಲಿ ಇಳಿಯುತ್ತಿತ್ತು.

ಹಲ್ಲಿನ ಡಾಕ್ಟರರ ಸಂಘದ ವಾರ್ಷಿಕ ಕೂಟಕ್ಕೂ ಹಾಗೆಯೇ ಇಳಿಯಿತು. ಕೂಟ ನಡೆಯಬೇಕಿದ್ದ ಸಭಾಗೃಹ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮೇಲೆ ಹೋಗದು, ಕೆಳಗೆ ಬಾರದು. ಪುಣ್ಯಕ್ಕೆ ಸುತ್ತ ಇದ್ದವರೆಲ್ಲ ಕೀಳುವುದರಲ್ಲಿ ಪಳಗಿದ ಮಂದಿ. ನಾಲ್ವರು ಡಾಕ್ಟರರು ಸೇರಿ ಅದನ್ನು ಅಲ್ಲಾಡಿಸಿ, ಅಲ್ಲಾಡಿಸಿ ಕಿತ್ತು ಕೆಳಗಿಳಿಸಿದರು.

"ಗುರು ಕಾಕಾ, ಇವತ್ತೊಂದಿನ ಸೀದಾ ಹಾಲಿನ ಸೌಂಡಿಗೆ ಜೋಡಿಸಿ ಬಾರಸ್ರಿ," ಎಂದಳು ಮುಗ್ಧಾ.

"ನಾ ಹೋಟೆಲ್ಲಿನಾಗ ಇನ್ನೊಬ್ಬರ ಹಲ್ಲುಪುಡಿ ಸೈತ ಮುಟ್ಟಾಂವ ಅಲ್ಲ. ಪರಾಗನs ಬಾರಸ್ಲಿ," ಎಂದು ಗುರುಪುತ್ರಪ್ಪ ಸೆಟೆದುಕೊಂಡು ಹೋಗಿ ಕಟ್ಟಕಡೆಯ ಸಾಲಿನಲ್ಲಿ ಭಜಿಯ ತಟ್ಟೆ ಹಿಡಿದು ಕೂತ. ತಾನಿಲ್ಲದ ಆರ್ಕೆಸ್ಟ್ರಾ ಹೇಗೆ ನೆಲ ಕಚ್ಚುತ್ತದೆಂದು ನೋಡುವ ಆಸೆಯೂ ಇತ್ತು.

ಮೊದಲ ಹಾಡಿನ ನಡುವೆ ಪರಾಗ ಕಾಲಿನಿಂದ ಡಬ್ಬಿಯ ಗುಂಡಿ ಒತ್ತಿ ಒಂದು ತಂತಿ ಎಳೆದ. ಗುರುಪುತ್ರಪ್ಪನ ಬಾಯಲ್ಲಿ ಭಜಿ ಹಾಗೇ ಉಳಿಯಿತು. ಅದು ಅವನ ದನಿ. ಅದೇ ಬೆಚ್ಚಗಿನದು, ಅದೇ ದುಂಡನೆಯದು, ಜೋರಾದಾಗ ಅದೇ ಮೂಗು. ಯಾರೋ ತನ್ನ ಅಂಗಿ, ತನ್ನ ಚಪ್ಪಲಿ, ತನ್ನ ಕನ್ನಡಕ ಹಾಕಿಕೊಂಡು ಎದುರಿಗೆ ಅಡ್ಡಾಡಿದಂತೆ ಅವನಿಗೆ ಮೈಯೆಲ್ಲ ಉರಿಯಿತು.

ಮೊದಲ ಸಾಲಿನಲ್ಲಿ ವಕೀಲ ಬಾಳಾಸಾಹೇಬರು ಎಂದಿನಂತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆರ್ಕೆಸ್ಟ್ರಾದ ಯಾವ ಕಾರ್ಯಕ್ರಮವನ್ನೂ ಬಿಡದ ಅವರು ಬರುತ್ತಿದ್ದುದೇ ಆ ವಾಲ್ವುಗಳ ಸಲುವಾಗಿ. ಡಿಜಿಟಲ್ ದನಿ ಕೇಳಿದರೆ ತಮಗೆ ತಲೆಶೂಲೆ ಬರುತ್ತದೆಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಮಧ್ಯಂತರದಲ್ಲಿ ಹೊರಬಂದವರು ಗುರುಪುತ್ರಪ್ಪನ ಎರಡೂ ಕೈ ಹಿಡಿದರು.

"ಗುರುಪುತ್ರಪ್ಪಾ, ಇವತ್ತ ಏನ್ ಬಾರಿಸಿದಿ ಮಾರಾಯಾ! ಇದನ್ನ ಡಬ್ಬಿಯಾಗ ತರಾಕ ಆಗ್ತೇತೇನ ಯಾರಿಗರೆ?"

"ನಾ ಬಾರಿಸಿಲ್ರಿ. ಹಿಂದ ಕುಂತು ಭಜಿ ತಿನ್ನಾಕತ್ತಿದ್ದೆ. ಅದು ಡಬ್ಬೀನs."

ಬಾಳಾಸಾಹೇಬರು ಕೈ ಬಿಟ್ಟರು. ಗಂಟಲು ಸರಿಪಡಿಸಿಕೊಂಡು, "ಹಂಗs ನನಗೂ ನಡುವ ಒಂದಿಷ್ಟು ಪ್ಲಾಸ್ಟಿಕ್ ವಾಸನಿ ಬಂತು ಬಿಡು," ಎಂದು ಚಹಾದ ಕಡೆ ನಡೆದರು.

ಕಾರ್ಯಕ್ರಮ ಮುಗಿದ ಮೇಲೆ ಗುರುಪುತ್ರಪ್ಪ ಪರಾಗನನ್ನು ಮೆಟ್ಟಿಲಿನ ತಿರುವಿನಲ್ಲೇ ಅಡ್ಡಗಟ್ಟಿದ. ಪರಾಗ ಏನನ್ನೂ ಮುಚ್ಚಿಡಲಿಲ್ಲ. ಹಿಂದಿನ ಒಂದು ಕಾರ್ಯಕ್ರಮಕ್ಕೆ ಪೆಟ್ಟಿಗೆ ಮುಗ್ಧಾಳ ಮನೆಯಲ್ಲಿ ಇಳಿದಿದ್ದಾಗ ಸ್ಪೀಕರಿನ ಮುಂದೆ ಮೈಕ್ ಇಟ್ಟು, ಡಬ್ಬಿಯ ತಂತಿಯನ್ನು ಪೆಟ್ಟಿಗೆಗೆ ಚುಚ್ಚಿದ್ದ. ಡಬ್ಬಿ 'ಕುಂಯ್, ಪುಸ್, ಟರ್ರ್' ಎಂದು ಏನೇನೋ ದನಿಗಳನ್ನು ಪೆಟ್ಟಿಗೆಯೊಳಗೆ ಕಳಿಸಿ, ಅದು ಕೊಟ್ಟ ಉತ್ತರಗಳನ್ನೆಲ್ಲ ಕೇಳಿಸಿಕೊಂಡು, ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಅದರ ಗುಣವನ್ನೆಲ್ಲ ಕಲಿತುಬಿಟ್ಟಿತ್ತು.

"ಭಾಳ ಚಲೋ ಬಂದೇತಿ ಕಾಕಾ," ಎಂದು ಪರಾಗ ಫೋನ್ ತೆಗೆದು ತೋರಿಸಿದ. ಅವನ ಮುಖದಲ್ಲಿ ಕಳ್ಳನ ಅಳುಕಿನ ಬದಲು ಬಾಣಂತಿಯನ್ನು ನೋಡಲು ಬಂದವನ ಖುಷಿಯಿತ್ತು. "ಇಂಟರ್‌ನೆಟ್ಟಿನಾಗ ಹಾಕೇನ್ರಿ. ಎಲ್ಲೆಲ್ಲಿ ಮಂದಿ ತಗೊಂಡಾರ ನೋಡ್ರಿ. ಬ್ರೆಜಿಲ್ಲಿನಾಂವ ಒಬ್ಬ ಇದರಾಗ ದೇವರ ಹಾಡು ಬಾರಿಸ್ಯಾನ."

ಗುರುಪುತ್ರಪ್ಪ ಕನ್ನಡಕ ಏರಿಸಿಕೊಂಡು ನೋಡಿದ. ದನಿಯ ಹೆಸರು 'ಖಾನಾಪುರ ನೆಗಡಿ' ಎಂದಿತ್ತು.

"ನೆಗಡಿ?"

"ಪ್ರೀತೀಲೆ ಇಟ್ಟೇನ್ರಿ ಕಾಕಾ. ಮತ್ತ ನಾ ಮಾರಿಲ್ಲ, ಸುಮ್ಮs ಹಂಚೇನಿ."

"ಮಾರಿದ್ರ ಒಂದು ಮರ್ಯಾದಿ ಇತ್ತಲೇ! ನೆಗಡಿ ಅಂತ, ನೆಗಡಿ ಹಂಚಿದಂಗs ಹಂಚೀಯಲ್ಲೋ!"

ಮರುದಿನ ಗುರುಪುತ್ರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಖಾನಾಪುರದ ಪೊಲೀಸ್ ಠಾಣೆಗೆ ಹೋದ. ಹವಾಲ್ದಾರ ಭರಮಣ್ಣ ಪರಿಚಯದವನೇ. ಅವನ ಮನೆಯ ಬಾಗಿಲು ಚೌಕಟ್ಟುಗಳೆಲ್ಲ ಗುರುಪುತ್ರಪ್ಪನ ಗಿರಣಿಯವು.

"ಬರ್ರಿ ಸಾವಕಾರ್ರ, ಕುಂದರ್ರಿ. ಏನ್ ಕಳುವಾಗೇತ್ರಿ?"

"ದನಿ."

"ಯಾರ ದನಿ?"

"ನನ್ನ ಮಶೀನಂದು."

"ಮಶೀನ್ ಎಲ್ಲೈತ್ರಿ?"

"ಮನ್ಯಾಗ."

"ಈಗ ಅದು ದನಿ ಮಾಡ್ತೇತೋ ಇಲ್ಲೋ?"

"ಮಾಡ್ತೇತಿ."

"ಮೊದಲಿನಂಗs?"

"ಮೊದಲಿನಂಗs."

ಭರಮಣ್ಣ ಪೆನ್ನಿನ ಟೊಪ್ಪಿಗೆ ಮುಚ್ಚಿದ. "ಹಂಗಾರ ಹೋಗಿದ್ದೇನ್ರಿ?"

"ಮೊದ್ಲ ಅದು ನನ್ನ ಕಡೆ ಅಷ್ಟs ಇತ್ತು. ಈಗ ಬ್ರೆಜಿಲ್ಲಿನಾಗೂ ಐತಿ."

"ಬ್ರೆಜಿಲ್ ನಮ್ಮ ಹದ್ದಿನಾಗ ಬರೂದಿಲ್ರಿ ಸಾವಕಾರ್ರ," ಎಂದ ಭರಮಣ್ಣ ಬಹಳ ಮೆತ್ತಗೆ. "ನಮ್ಮದೇನಿದ್ರೂ ಜಾಂಬೋಟಿ ಕಡೆ ಒಂದಿಷ್ಟು, ನಂದಗಡದ ಕಡೆ ಒಂದಿಷ್ಟು. ಚಹಾ ತರಸ್ಲೇನ್ರಿ?"

ಕಾಯಿದೆ ಕೈಬಿಟ್ಟ ಮೇಲೆ ಗುರುಪುತ್ರಪ್ಪ ತನ್ನದೇ ದಾರಿ ಹಿಡಿದ. ಡಬ್ಬಿ ಕದ್ದದ್ದು ಹಳೆಯ ದನಿಯನ್ನು ತಾನೇ? ಹಾಗಾದರೆ ಅದಕ್ಕಿಂತ ಮೇಲಾದ ದನಿ ಮಾಡಿಸಬೇಕು, ಡಬ್ಬಿ ನಾಚಿ ಸಾಯಬೇಕು. ಪೆಟ್ಟಿಗೆಯನ್ನು ಮತ್ತೆ ಟೆಂಪೋಕ್ಕೆ ಹೇರಿಸಿ ಬೆಳಗಾವಿಯ ಮೆಕ್ಯಾನಿಕ್ ಒಬ್ಬನ ಹತ್ತಿರ ಒಯ್ದ. ಹೊಸ ವಾಲ್ವು, ಹೊಸ ತಂತಿ, ಹೊಸ ಸ್ಪೀಕರ್ ಎಂದು ಅಪ್ಪಣೆ ಕೊಟ್ಟ. ಮೆಕ್ಯಾನಿಕ್ ಹಳೆಯ ಸ್ಪೀಕರನ್ನು ಬಿಚ್ಚಿ ಬೆಳಕಿಗೆ ಹಿಡಿದ. ಅದರ ಕಪ್ಪು ಕಾಗದದ ಬಟ್ಟಲು ಅಡ್ಡಡ್ಡ ಹರಿದಿತ್ತು. ಟಾಕೀಸಿನ ಯಾವನೋ ಪುಣ್ಯಾತ್ಮ ಅದಕ್ಕೆ ಗುಲಾಬಿ ಬಣ್ಣದ ಸಿನಿಮಾ ಟಿಕೀಟುಗಳನ್ನು ಅಂಟಿಸಿ ತೇಪೆ ಹಾಕಿದ್ದ.

"ಬಾಲ್ಕನಿ ಟಿಕೀಟ್ ಅದಾವ್ರಿ," ಎಂದು ಮೆಕ್ಯಾನಿಕ್ ನಕ್ಕ. "ಇದನ್ನ ಒಯ್ತೀರೇನ್ರಿ?"

"ಒಯ್ದು ಪೂಜಾ ಮಾಡ್ಲೇನು? ಒಗಿ ಅತ್ತಾಗ."

ಪೆಟ್ಟಿಗೆ ಮನೆಗೆ ಬಂತು. ವಾಲ್ವುಗಳು ಕೆಂಪಾದವು. ಗುರುಪುತ್ರಪ್ಪ ಗಿಟಾರ್ ಹೆಗಲಿಗೇರಿಸಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಬೆರಳಿಗಿಳಿಸಿ ಒಂದು ಹೊಡೆತ ಹೊಡೆದ. ಸ್ನಾನ ಮಾಡಿ, ತಲೆ ಬಾಚಿಕೊಂಡು ಬೆಳಗಿನ ವಾರ್ತೆ ಓದಲು ಕೂತವನಂಥ ದನಿ ಹೊರಗೆ ಬಂತು. ಎಷ್ಟು ಜೋರು ಹೊಡೆದರೂ ಅದು ಬಾಯಿ ತಪ್ಪಲಿಲ್ಲ, ಕೆಮ್ಮಲಿಲ್ಲ, ಸಿಟ್ಟಾಗಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಶಿವಲಿಂಗವ್ವ ಇಣುಕಿದಳು. ಮದುವೆಯಾದಾಗಿನಿಂದ ಅವನ ಗಿಟಾರಿನ ಬಗ್ಗೆ ಒಂದು ಒಳ್ಳೆಯ ಮಾತಾಡಿದವಳಲ್ಲ. "ಇವತ್ತ ಚಂದ ಕೇಳಾಕತ್ತೈತಿ ನೋಡ್ರಿ," ಎಂದಳು.

ಗುರುಪುತ್ರಪ್ಪ ಗಿಟಾರ್ ಕೆಳಗಿಟ್ಟ. ತನ್ನ ದನಿ ವಾಲ್ವುಗಳಲ್ಲಿ ಇರಲಿಲ್ಲ, ಆ ಬಾಲ್ಕನಿ ಟಿಕೀಟುಗಳಲ್ಲಿ ಇತ್ತು ಎಂಬುದು ಆಗ ಅವನ ತಲೆಗೆ ಹೊಕ್ಕಿತು.

ಸಿಕ್ಕ ಬಸ್ಸು ಹಿಡಿದು ಬೆಳಗಾವಿಗೆ ಓಡಿದ. ಮೆಕ್ಯಾನಿಕ್ ಕೈ ಚೆಲ್ಲಿದ. ಯಾವುದೋ ಶಾಲೆಯ ಮಾಸ್ತರರು ವಿಜ್ಞಾನ ಪ್ರದರ್ಶನಕ್ಕೆಂದು ಆ ಸ್ಪೀಕರಿನ ಅಯಸ್ಕಾಂತ ಕಿತ್ತುಕೊಂಡು ಹೋಗಿದ್ದರು. ಹರಕು ಕಾಗದವನ್ನು ಅಂಗಡಿಯ ಕಸಬರಿಗೆ ಗುಡಿಸಿ ಎಸೆದಿತ್ತು. ಗುರುಪುತ್ರಪ್ಪ ವಾಪಸು ಬಂದವನೇ ಬ್ಲೇಡು ಹಿಡಿದು ಹೊಸ ಸ್ಪೀಕರಿನ ಬಟ್ಟಲನ್ನು ಅಡ್ಡಡ್ಡ ಸೀಳಿದ, ಮನೆಯಲ್ಲಿದ್ದ ಮದುವೆ ಕಾರ್ಡು ಹರಿದು ತೇಪೆ ಹಾಕಿದ. ಬಂದ ದನಿಗೆ ಶಿವಲಿಂಗವ್ವ ಸೆರಗು ಬಾಯಿಗೊತ್ತಿಕೊಂಡಳು. "ಎಮ್ಮಿ ಸೀನಿದಂಗ ಆತಲ್ರಿ," ಎಂದಳು. ಅವಳು ಮರ್ಯಾದೆಗೆ ಸೀನಿದಂತೆ ಎಂದಳಷ್ಟೇ. ಎಮ್ಮೆ ಬೇರೆ ಏನೋ ಮಾಡಿದಂತಿತ್ತು.

ಆಮೇಲೆ ಆರ್ಕೆಸ್ಟ್ರಾಕ್ಕೆ ಹೋಗುವುದನ್ನು ಬಿಟ್ಟ. ಮುಗ್ಧಾ ಫೋನ್ ಮಾಡಿದರೆ ಬೆನ್ನುನೋವು ಎಂದ. ಗಿರಣಿಯಲ್ಲಿ ಕೂತು ಗರಗಸದ ದನಿ ಕೇಳುತ್ತ ಅದಕ್ಕೂ ಒಂದಿಷ್ಟು ನೆಗಡಿಯಿದೆಯಲ್ಲ ಎಂದು ಯೋಚಿಸತೊಡಗಿದಾಗ, ಇದು ಹುಚ್ಚಿಗೆ ಹತ್ತಿರ ಬಂತು ಎಂದು ಅವನಿಗೇ ಭಯವಾಯಿತು. ಅಷ್ಟರಲ್ಲಿ ದವಡೆಯ ಹಲ್ಲೊಂದು ನೋಯತೊಡಗಿತು. ಖಾನಾಪುರದಲ್ಲೇ ಹಲ್ಲಿನ ಡಾಕ್ಟರರಿದ್ದರೂ ಅವನು ಟಿಳಕವಾಡಿಯ ಬಸ್ಸು ಹತ್ತಿದ.

ಪರಾಗ ಅವನನ್ನು ಕಂಡು ಎದ್ದು ನಿಂತ. ಹೆಚ್ಚು ಮಾತಾಡದೆ ಕುರ್ಚಿಯಲ್ಲಿ ಮಲಗಿಸಿ, ಬಾಯಿ ತೆಗೆಸಿ, ಹತ್ತಿ ತುರುಕಿ, ಉಗುಳು ಹೀರುವ ಕೊಳವೆ ಸಿಕ್ಕಿಸಿದ. ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ ಗುರುಪುತ್ರಪ್ಪನಿಗೆ ಈಗಲೇ ಹೇಳದಿದ್ದರೆ ಧೈರ್ಯ ಸೋರಿಹೋಗುತ್ತದೆ ಅನಿಸಿತು.

"ಅನ್ನ ಅನಿ ಏಉ," ಎಂದ. ನನ್ನ ದನಿ ಬೇಕು ಎಂದು ಅರ್ಥ.

"ನೂಸ್ತೇತೇನ್ರಿ? ತಡೀರಿ," ಎಂದು ಪರಾಗ ಇಂಜೆಕ್ಷನ್ ಕೊಟ್ಟ.

"ಅನಿ! ಅನಿ!"

"ಇನ್ನೂ ನೂಸ್ತೇತಿ?" ಮತ್ತೊಂದು ಕೊಟ್ಟ.

ಹಲ್ಲು ರಿಪೇರಿಯಾಗಿ ಹತ್ತಿ ಹೊರಗೆ ಬಂದಾಗ ಅರ್ಧ ಮುಖ ಅವನದಾಗಿರಲಿಲ್ಲ. ನಾಲಗೆ ಬಾಯಲ್ಲಿ ಒದ್ದೆ ಗೋಣಿಚೀಲದಂತೆ ಬಿದ್ದಿತ್ತು. ಆ ನಾಲಗೆಯಲ್ಲೇ, ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿರಲು, ಮೆಕ್ಯಾನಿಕ್, ಟಿಕೀಟು, ಮಾಸ್ತರರ ಅಯಸ್ಕಾಂತ, ಎಮ್ಮೆ ಎಲ್ಲವನ್ನೂ ಹೇಳಿದ. ಪರಾಗ ಮೊದಲು ನಕ್ಕ, ಎಮ್ಮೆಯ ಹತ್ತಿರ ಬರುವಷ್ಟರಲ್ಲಿ ಗೋಡೆಗೊರಗಿ ನಗುತ್ತಿದ್ದ. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿ ತನ್ನ ಸ್ಟೂಲಿನ ಮೇಲೆ ಕುಸಿದ.

"ಕಾಕಾ, ಆ ಸ್ಪೀಕರ್ ಖರೇನ ಒಗದ್ರಿ?"

"ಒಗದೆ."

"ಅರೇರೇ." ಪರಾಗ ತಲೆ ಮೇಲೆ ಕೈ ಇಟ್ಟುಕೊಂಡ. ಊರಿನಲ್ಲಿ ಯಾರೋ ಬೇಕಾದವರು ಹೋದಾಗ ಕೂರುವ ಹಾಗೆ ಇಬ್ಬರೂ ಕೂತರು. ಹೊರಗೆ ಕಾಯುತ್ತಿದ್ದ ಹೆಂಗಸೊಬ್ಬಳು ಇಣುಕಿ ನೋಡಿ, ಹಲ್ಲು ಕೀಳಿಸಿಕೊಳ್ಳದೆಯೇ ಹೊರಟುಹೋದಳು.

"ನಿಮ್ಮನ್ನ ಕೇಳಿ ತಗೋಬೇಕಿತ್ರಿ ನಾ," ಎಂದ ಪರಾಗ. "ಆದ್ರ ಕೇಳಿದ್ರ ನೀವು ಕೊಡ್ತಿದ್ದಿಲ್ಲ."

"ಖೊಡ್ತಿದ್ದಿಲ್ಲ."

"ನೀವು ಕೊಡೂದಿಲ್ಲಂತ ನಾ ಸುಮ್ಮನಾಗಿದ್ರ ಅದು ಇವತ್ತ ಭೂಮಿ ಮ್ಯಾಲೇ ಇರ್ತಿದ್ದಿಲ್ರಿ ಕಾಕಾ."

ಗುರುಪುತ್ರಪ್ಪ ಗಲ್ಲ ಒರೆಸಿಕೊಂಡ. ಪರಾಗ ಒಳಗಿನಿಂದ ಗಿಟಾರನ್ನೂ ಡಬ್ಬಿಯನ್ನೂ ತಂದು ಅವನ ತೊಡೆಯ ಮೇಲಿಟ್ಟ. ಹಲ್ಲಿನ ಕುರ್ಚಿಯಲ್ಲೇ ಅರೆಮಲಗಿ ಗುರುಪುತ್ರಪ್ಪ ತನ್ನ ದನಿಯನ್ನು ಮತ್ತೆ ಬಾರಿಸಿದ. ಆ ಮೂಗಿನ ಒಡಕು ಬಂದಾಗ ಅವನ ಕಣ್ಣು ತುಂಬಿತು. ಇಂಜೆಕ್ಷನ್ನಿಗೆ ಒಮ್ಮೊಮ್ಮೆ ಹಾಗಾಗುತ್ತದೆ ಎಂದು ಪರಾಗ ತಾನಾಗಿಯೇ ಹೇಳಿದ.

ಪರಾಗನ ಹಳೆಯ ಡಬ್ಬಿಯೊಂದು ಖಾನಾಪುರಕ್ಕೆ ಬಂತು. ಆದರೆ ಅದನ್ನು ವೇದಿಕೆಯ ಮೇಲೆ ಇಡುವುದು ಹೇಗೆ? ಇಷ್ಟು ವರ್ಷ ಕಂಡಕಂಡಲ್ಲಿ ಡಬ್ಬಿಯ ಜನ್ಮ ಜಾಲಾಡಿದ ಬಾಯಿ ಅದು. ಬಾಳಾಸಾಹೇಬರ ಮುಖವನ್ನು ನೆನೆದರೇ ಬೆವರು ಬರುತ್ತಿತ್ತು. ಕೊನೆಗೆ ಗುರುಪುತ್ರಪ್ಪ ಸಾಗವಾನಿ ಪೆಟ್ಟಿಗೆಯ ಹೊಟ್ಟೆಯನ್ನೆಲ್ಲ ಬರಿದು ಮಾಡಿದ. ಒಳಗೊಂದು ಹಲಗೆ ಬಡಿದು ಡಬ್ಬಿಯನ್ನು ಕೂರಿಸಿ, ಮುಂದೆ ಇನ್ನೊಂದು ಸ್ಪೀಕರ್ ಹಾಕಿದ. ವಾಲ್ವುಗಳ ಜಾಗದಲ್ಲಿ ದೇವರ ಕೋಣೆಗೆ ಹಾಕುವ ಕೆಂಪು ಝೀರೋ ಬಲ್ಬುಗಳನ್ನು ಸಿಕ್ಕಿಸಿದ. ಜಾಳಿಗೆಯ ಹಿಂದೆ ಅವು ಹೊತ್ತಿಕೊಂಡರೆ ಹಳೆಯ ವಾಲ್ವುಗಳಿಗಿಂತ ಚೆನ್ನಾಗಿಯೇ ಕಾಣುತ್ತಿದ್ದವು.

ಮನೆಯಾಚೆ ಈ ಗುಟ್ಟು ಗೊತ್ತಿದ್ದದ್ದು ಪರಾಗನಿಗೆ ಮಾತ್ರ. ಪೆಟ್ಟಿಗೆ ಈಗ ಹಗುರಾದ್ದರಿಂದ ಹೊರುವಾಗ ತೇಕುವ ಕೆಲಸ ಇಬ್ಬರದೂ ಆಯಿತು. ಪರಾಗ ಬಹಳ ಚೆನ್ನಾಗಿ ತೇಕುತ್ತಿದ್ದ. ಒಮ್ಮೆ ಮೆಟ್ಟಿಲ ಮೇಲೆ ಸೊಂಟ ಹಿಡಿದುಕೊಂಡು ಕೂತು ನೀರು ಕೇಳಿದ. ಬಾಳಾಸಾಹೇಬರು ಕಾರ್ಯಕ್ರಮ ಮುಗಿದ ಮೇಲೆ ಜಾಳಿಗೆಯ ಹತ್ತಿರ ಅಂಗೈ ಒಡ್ಡಿ, "ನೋಡು, ಎಷ್ಟು ಬೆಚ್ಚಗೈತಿ! ಜೀವಂತ ಐತಿದು," ಎಂದರು. ಝೀರೋ ಬಲ್ಬಿನ ಬಿಸಿಗೆ ಗುರುಪುತ್ರಪ್ಪ ಕೈ ಮುಗಿದ. ಆದರೂ ರಾತ್ರಿ ಉಣ್ಣಲು ಕೂತಾಗ ಆ ಮಾತು ನೆನಪಾಗಿ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ಶಿವಲಿಂಗವ್ವನ ಫೋನನ್ನು ಡಬ್ಬಿಗೆ ಬ್ಲೂಟೂತಿನಲ್ಲಿ ಜೋಡಿಸಿ, ಅದರಲ್ಲಿ ಹಾಡು ಹಾಕಿಕೊಂಡು ಜೊತೆಗೆ ಬಾರಿಸುತ್ತಿದ್ದ. ಅವನ ಸ್ವಂತ ಫೋನು ಗುಂಡಿಗಳದು. ಅದರಲ್ಲೂ ಅವನಿಗೆ ಹಳೆಯದರ ಹಟ.

ಹೀಗಿರುವಾಗ ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಒಂದು ಆರತಕ್ಷತೆ ಬಂತು. ವರ ಸುಮಿತ, ದನದ ಡಾಕ್ಟರ್. ವಧುವಿನ ಕಡೆಯವರು ಶಿವಲಿಂಗವ್ವನಿಗೆ ದೂರದ ನೆಂಟರು. ಅವಳು ರೇಷ್ಮೆ ಸೀರೆಯುಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಬಾಳಾಸಾಹೇಬರು ವಾಲ್ವಿನ ಸಲುವಾಗಿ ಬೆಳಗಾವಿಯಿಂದ ಬಂದು ಮೊದಲ ಸಾಲು ಹಿಡಿದಿದ್ದರು. ಮುಗ್ಧಾ ಮೂರನೆಯ ಹಾಡು ಎತ್ತಿಕೊಂಡಿದ್ದಳು, ಗುರುಪುತ್ರಪ್ಪ ಮೂಗಿನ ಸ್ವರ ಹಿಡಿಯುವುದರಲ್ಲಿದ್ದ, ಆಗ ಕರೆಂಟು ಹೋಯಿತು.

ಹಿತ್ತಿಲಲ್ಲಿ ಜನರೇಟರ್ ಧಡಧಡ ಶುರುವಾಯಿತು. ದೀಪ ಬಂತು, ಮೈಕು ಬಂತು, ಪೆಟ್ಟಿಗೆ ಮಾತ್ರ ಮೌನ. ಒಳಗೆ ಡಬ್ಬಿ ಇನ್ನೂ ಕಣ್ಣುಜ್ಜಿಕೊಂಡು ಏಳುತ್ತಿತ್ತು.

"ಗಡಬಡಿ ಮಾಡಬ್ಯಾಡ್ರಿ," ಎಂದು ಬಾಳಾಸಾಹೇಬರು ಹಿಂದೆ ತಿರುಗಿ ಜನರಿಗೆ ತಿಳಿಹೇಳಿದರು. "ವಾಲ್ವ್ ಕಾಯಬೇಕು. ಖರೇ ಮಾಲಿಗೆ ವ್ಯಾಳ್ಯಾ ಹತ್ತತೇತಿ."

ಗುರುಪುತ್ರಪ್ಪ ಗಂಭೀರವಾಗಿ ತಲೆಯಾಡಿಸಿದ.

ಎಚ್ಚರವಾದ ಡಬ್ಬಿ ಮಾಡಿದ ಮೊದಲ ಕೆಲಸವೆಂದರೆ, ಮೂರನೆಯ ಸಾಲಿನಲ್ಲಿದ್ದ ತನ್ನ ಹಳೆಯ ಗೆಳತಿಯನ್ನು, ಅಂದರೆ ಶಿವಲಿಂಗವ್ವನ ಫೋನನ್ನು, ಹುಡುಕಿ ಕೈ ಹಿಡಿದದ್ದು. ಅದೇ ಹೊತ್ತಿಗೆ ಶಿವಲಿಂಗವ್ವ, ಹಾಡು ನಿಂತಿದೆಯಲ್ಲ ಎಂದು, ನಂದಗಡದ ತಂಗಿ ಕಳಿಸಿದ್ದ ಧ್ವನಿ ಸಂದೇಶವನ್ನು ಒತ್ತಿ ಫೋನನ್ನು ಕಿವಿಗೆ ಹಿಡಿದಳು. ಕಿವಿಯಲ್ಲಿ ಏನೂ ಬರಲಿಲ್ಲ. ವೇದಿಕೆಯ ಮೇಲಿನ ಪೆಟ್ಟಿಗೆ ಬಾಯಿ ತೆರೆಯಿತು.

"ಅಕ್ಕಾ! ಊಟಾ ಆತೇನ? ಶಿರಾದಾಗ ತುಪ್ಪಾ ಹಾಕ್ಯಾರೋ ಬರೇ ಎಣ್ಣೀನೋ? ಅದಿರ್ಲಿ, ಆ ವರನ ತಲಿ ಒಂದ್‌ಸಲ ಸನೇಕ ಹೋಗಿ ನೋಡು. ಅವು ಖರೇ ಕೂದಲಾ ಅಲ್ಲಂತ, ಟೋಪ ಹಾಕ್ಯಾನಂತ. ಯಾರ ಮುಂದೂ ಹೇಳಬ್ಯಾಡ ಮತ್ತ!"

ಶಿವಲಿಂಗವ್ವನಿಗೆ ಮೊದಲು ಹೊಳೆಯಲಿಲ್ಲ. ಇದೇಕೆ ಕಿವಿಗೆ ಕೇಳಿಸದು ಎಂದು ಅವಳು ದನಿ ಏರಿಸುವ ಗುಂಡಿಯನ್ನು ಒತ್ತಿ ಹಿಡಿದು, ಸಂದೇಶವನ್ನು ಮತ್ತೊಮ್ಮೆ ಹಾಕಿದಳು. ಈ ಸಲ ಕಾರ್ಯಾಲಯದ ಕಿಟಕಿ ಗಾಜುಗಳೂ ನಡುಗಿದವು. 'ಯಾರ ಮುಂದೂ ಹೇಳಬ್ಯಾಡ' ಎಂಬುದು ಹೊರಗೆ ಪಾನ ಅಂಗಡಿಯವರೆಗೂ ಕೇಳಿಸಿತಂತೆ.

ಇಡೀ ಸಭೆಯ ಕಣ್ಣು ವರನ ತಲೆಗೆ ನೆಟ್ಟಿತು. ಸುಮಿತನ ಕೈ ತಾನಾಗಿ ಮೇಲೆ ಹೋಯಿತು. ಮದುಮಗಳೂ ಓರೆಗಣ್ಣಿನಿಂದ ನೋಡಿದಳು. ಎಮ್ಮೆ ಕೋಣಗಳ ಒದೆ ತಿಂದು ಗಟ್ಟಿಯಾದ ಮನುಷ್ಯ ಅವನು, ಹೆದರಲಿಲ್ಲ. ಮುಗ್ಧಾಳ ಕೈಯಿಂದ ಮೈಕ್ ತೆಗೆದುಕೊಂಡ.

"ಯಾರಿಗೆ ಡೌಟ್ ಐತಿ, ಬಂದು ಜಗ್ಗಿ ನೋಡ್ರಿ," ಎಂದ ನಗುತ್ತ.

ಎಲ್ಲರೂ ನಕ್ಕರು, ಯಾರೂ ಏಳಲಿಲ್ಲ. ಆದರೆ ವಧುವಿನ ಅಜ್ಜಿ ಫಕೀರವ್ವ ಕೋಲೂರಿಕೊಂಡು ಎದ್ದೇಬಿಟ್ಟಳು. ಮೊಮ್ಮಗಳ ಬಾಳಿನ ಪ್ರಶ್ನೆ. ವೇದಿಕೆ ಹತ್ತಿ, ವರನನ್ನು ಬಗ್ಗಿಸಿ, ಕೈತುಂಬ ಕೂದಲು ಹಿಡಿದು, ಬಾವಿಯಿಂದ ಕೊಡ ಎಳೆಯುವ ಹಾಗೆ ಜಗ್ಗಿದಳು. ಸುಮಿತ "ಯವ್ವಾ!" ಎಂದು ಕೂಗಿದ್ದು ಮೈಕಿನಲ್ಲಿ ಬಂತು.

"ಖರೇ ಅದಾವು!" ಎಂದು ಫಕೀರವ್ವ ಸಾರಿದಳು. ಶಿಳ್ಳೆ, ಚಪ್ಪಾಳೆ, ಯಾರೋ ಅಕ್ಷತೆಯನ್ನೂ ಎಸೆದರು.

ಗದ್ದಲ ಇಳಿದ ಮೇಲೆ ಬಾಳಾಸಾಹೇಬರು ಎದ್ದು ನಿಂತಿದ್ದು ಕಾಣಿಸಿತು. ಅವರಿಗೆ ಕೂದಲಿನ ಚಿಂತೆ ಇರಲಿಲ್ಲ. "ಅಲ್ಲಪಾ, ವಾಲ್ವ್ ಮಶೀನ್ ಹೆಂಗ ಮಾತಾಡ್ತು?" ಎನ್ನುತ್ತ ವೇದಿಕೆ ಹತ್ತಿ ಬಂದು, ಪೆಟ್ಟಿಗೆಯ ಹಿಂದಿನ ಹಲಗೆಯನ್ನು ಎಳೆದು ತೆಗೆದರು. ಒಳಗೆ ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು. ಅಕ್ಕಪಕ್ಕದಲ್ಲಿ ದೇವರ ಬಲ್ಬುಗಳು.

ಪರಾಗ ಮೆಲ್ಲಗೆ ತಬಲಾದವನ ಹಿಂದೆ ಸರಿದ. ಗುರುಪುತ್ರಪ್ಪನ ನಾಲಗೆಯ ತುದಿಗೆ ಒಂದು ಸುಳ್ಳು ಬಂದಿತ್ತು. ಆದರೆ ಬಾಳಾಸಾಹೇಬರ ಮುಖ ನೋಡಿದ. ಝೀರೋ ಬಲ್ಬಿಗೆ ಅಂಗೈ ಒಡ್ಡಿದ್ದ ಮನುಷ್ಯ. ಅವರಿಗೆ ಇನ್ನೊಂದು ಸಲ ಮೋಸ ಮಾಡಲು ಅವನಿಗೆ ಆಗಲಿಲ್ಲ.

"ಗುರುಪುತ್ರಪ್ಪಾ, ಏನಿದು?"

"ಟೋಪ್ರಿ ಬಾಳಾಸಾಹೇಬ್ರ," ಎಂದ ಗುರುಪುತ್ರಪ್ಪ. "ಕೂದಲಾ ಉದುರಿ ಭಾಳ ದಿನಾ ಆತ್ರಿ."

ಮುಂದಿದ್ದ ಮೈಕು ಅದನ್ನು ಸಭೆಗೆ ತಲುಪಿಸಿತು. ನಗೆಯ ಅಲೆ ಹಿಂದಿನ ಸಾಲಿನವರೆಗೆ ಹೋಗಿ ತಿರುಗಿ ಬಂತು. ಅರ್ಧದಷ್ಟು ಜನಕ್ಕೆ ಯಾತಕ್ಕೆ ನಗುತ್ತಿದ್ದೇವೆಂದೇ ಗೊತ್ತಿರಲಿಲ್ಲ. ಮುಗ್ಧಾ ನಕ್ಕೂ ನಕ್ಕೂ ನೆಲದ ಮೇಲೆ ಕೂತುಬಿಟ್ಟಳು. ಬಾಳಾಸಾಹೇಬರು ನಗಲಿಲ್ಲ. ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ಕೋಟು ಝಾಡಿಸಿಕೊಂಡು ಕೆಳಗಿಳಿದು ಬಾಗಿಲ ಕಡೆ ನಡೆದರು.

"ಏ ತಮ್ಮಾ, ನಿಂದು ಯಾವ ಟೋಪಾನರ ಇರ್ಲಿ," ಎಂದು ಫಕೀರವ್ವ ಕೋಲಿನಿಂದ ಪೆಟ್ಟಿಗೆಯನ್ನು ತಟ್ಟಿದಳು. "ಕುಣಿಯೂ ಹಾಡು ಬಾರ್ಸು. ಊಟಾ ಆರಿ ಹೋಗೂದರೊಳಗ ಹುಡುಗೂರು ಕುಣೀಲಿ."

ಗುರುಪುತ್ರಪ್ಪ ಬಾರಿಸಿದ. ಮುಚ್ಚಿಡುವುದು ಏನೂ ಉಳಿದಿಲ್ಲ ಎಂದಮೇಲೆ ಬೆರಳುಗಳು ಹಗುರಾದವು. ಪರಾಗ ತಬಲಾದವನ ಹಿಂದಿನಿಂದ ಹೊರಬಂದು ತಾಳ ಹಿಡಿದ. ಒಂದು ಜೋರು ಸ್ವರ ಎಳೆದಾಗ ಮೂಗಿನ ಒಡಕು ಕಾರ್ಯಾಲಯ ತುಂಬ ಹರಡಿತು. ಗುರುಪುತ್ರಪ್ಪ ತಲೆಯೆತ್ತಿ ನೋಡಿದ. ಬಾಗಿಲಲ್ಲಿ ಬಾಳಾಸಾಹೇಬರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಕಣ್ಣು ಮುಚ್ಚಿದ್ದವು. ಹಾಡು ಮುಗಿಯುವವರೆಗೂ ಆ ಇನ್ನೊಂದು ಚಪ್ಪಲಿ ಕಾಲಿಗೆ ಹೋಗಲಿಲ್ಲ.

ಹಿಂತಿರುಗುವಾಗ ಟೆಂಪೋದಲ್ಲಿ ಶಿವಲಿಂಗವ್ವ ಗಂಡನ ಬಾಜೂ ಕೂತರೂ ಮುಖ ಕಿಟಕಿಯ ಕಡೆ ಇತ್ತು. ಹಿಂದೆ ಪರಾಗ ಪೆಟ್ಟಿಗೆಯ ಮೇಲೆ ಕೂತಿದ್ದ. ರೈಲ್ವೆ ಗೇಟಿನ ಹತ್ತಿರ ಬಂದರು. ಗೇಟು ಹಾಕಿತ್ತು. ಆಗ ಅವಳ ಫೋನ್ ಬಡಿದುಕೊಂಡಿತು. ನಂದಗಡದ ತಂಗಿ.

ಶಿವಲಿಂಗವ್ವ ಫೋನನ್ನು ಗಂಡನ ತೊಡೆಯ ಮೇಲೆ ಒಗೆದಳು. "ನಿಮ್ಮ ಡಬ್ಬೀಲೆ ಆದ ಕೆಲಸಾ. ನೀವs ಮಾತಾಡ್ರಿ."

ಗುರುಪುತ್ರಪ್ಪ ಕಿವಿಗೆ ಹಿಡಿದ. ಅತ್ತ ಕಡೆಯಿಂದ ನಮಸ್ಕಾರವಿಲ್ಲ, ಕುಶಲವಿಲ್ಲ. "ಅಕ್ಕಾ, ನೋಡಿದ್ಯೇನ? ಖರೇನೋ ಟೋಪೋ? ಯಾರಿಗೂ ಗೊತ್ತಾಗ್ದಂಗ ನೋಡಿದಿ ಹೌದಿಲ್ಲೋ?"

ಗುರುಪುತ್ರಪ್ಪ ಹೆಂಡತಿಯ ಕಡೆ ನೋಡಿದ. ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಿಂದ ಬಗ್ಗಿ ನೋಡಿದರೆ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ಖರೇ ಅದಾವವ್ವಾ," ಎಂದ ಗುರುಪುತ್ರಪ್ಪ ಫೋನಿಗೆ. "ನಿಮ್ಮಕ್ಕ ಒಬ್ಬಾಕೀನs ನೋಡಿಲ್ಲ. ಖಾನಾಪುರs ನೋಡೇತಿ."